ಮೊದಲ ತಲೆಮಾರಿನ 4ಕೆ ಟಿವಿ: 18,000ಕ್ಕೆ ಸಿಕ್ಕರೂ ಕೊಳ್ಳಬೇಕೇ?

ದಾವಣಗೆರೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಈಚೆಗೆ 2013ರ ಆಸುಪಾಸಿನ 55 ಇಂಚಿನ ಅಲ್ಟ್ರಾ ಎಚ್‌ಡಿ, ಅಂದರೆ 4ಕೆ ಟಿವಿಗಳು ಕಾಣಿಸಿಕೊಳ್ಳುತ್ತಿವೆ. ಹೊಸದಾಗಿದ್ದಾಗ ಲಕ್ಷಗಳಲ್ಲಿ ಬೆಲೆಬಾಳುತ್ತಿದ್ದ ಅಂಥದೊಂದು ಸೆಟ್ಟನ್ನು ಅಶೋಕ ರಸ್ತೆಯ ಬಳಿಯ ಅಂಗಡಿಯೊಂದರಲ್ಲಿ 18,000 ರೂಪಾಯಿಗೆ ಕೊಡುತ್ತೇವೆಂದಾಗ, ಅಲ್ಲಿಯೇ ಕೂತು ಸಾವಕಾಶವಾಗಿ ಪರೀಕ್ಷಿಸಿದೆ. ಮನೆಯ ಹಾಲ್‌ಗೆಂದಾದರೆ ಇದು ಬೇಡವೆಂಬುದೇ ನನ್ನ ಅಭಿಪ್ರಾಯ.

ಪರದೆಯ ಬಗ್ಗೆ ಹೆಚ್ಚಿನ ತಕರಾರಿಲ್ಲ. 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳ ಈ ಪ್ಯಾನೆಲ್‌ನಲ್ಲಿ ಮೂಲೆಗಳು ತುಸು ಬೆಳ್ಳಗಾಗಿರುವುದನ್ನು ಬಿಟ್ಟರೆ ಚಿತ್ರ ಇಂದಿಗೂ ಚೊಕ್ಕವಾಗಿದೆ. ಅಂಗಡಿಯವರು ಪೆನ್‌ಡ್ರೈವ್‌ನಿಂದ ಜಲಪಾತದ ವಿಡಿಯೊ ಹಾಕಿದರು. ಟಿವಿ ಮಾರುವವರೆಲ್ಲರಿಗೂ ಜಲಪಾತವೇ ಏಕೆ ಬೇಕೋ ಕಾಣೆ. ಅದನ್ನು ತೆಗೆಸಿ ಕೇಬಲ್‌ನ ಕನ್ನಡ ವಾರ್ತಾ ವಾಹಿನಿಯೊಂದನ್ನು ಹಾಕಿಸಿದಾಗ, ಕೆಳಗೆ ಹರಿಯುವ ಅಕ್ಷರಗಳ ಒತ್ತುಗಳೆಲ್ಲ ಕಲಸಿಹೋಗಿದ್ದವು. ಸಾಮಾನ್ಯ ಎಸ್‌ಡಿ ಪ್ರಸಾರದಲ್ಲಿ ಬರುವುದು 720×576 ಪಿಕ್ಸೆಲ್‌ಗಳು ಮಾತ್ರ. ಬಂದ ಒಂದೊಂದನ್ನೂ ಟಿವಿ ಇಪ್ಪತ್ತಾಗಿ ಹಿಗ್ಗಿಸಬೇಕಾಗುತ್ತದೆ.

ನಿಜವಾದ ತೊಡಕಿರುವುದು ಹೊರಗಿನ ಸಾಧನಗಳನ್ನು ಸಿಕ್ಕಿಸುವ ಹಿಂಬದಿಯ ಎಚ್‌ಡಿಎಂಐ ಪೋರ್ಟುಗಳಲ್ಲಿ. ಆ ಕಾಲದ ಬಹಳಷ್ಟು ಸೆಟ್ಟುಗಳು ಎಚ್‌ಡಿಎಂಐ 1.4ರವು; ಅದರ ಮೂಲಕ 4ಕೆ ದೃಶ್ಯ ಸೆಕೆಂಡಿಗೆ 30 ಫ್ರೇಮ್‌ಗಳಿಗಿಂತ ಹೆಚ್ಚು ಬರಲಾರದು, ಹಾಗಾಗಿ ಕ್ರಿಕೆಟ್‌ನಂಥ ವೇಗದ ಆಟಕ್ಕೆ ಅದು ಸಾಲದು. 60 ಫ್ರೇಮ್‌ಗಳಿಗೆ ದಾರಿ ಮಾಡಿದ ಎಚ್‌ಡಿಎಂಐ 2.0 ಪ್ರಕಟವಾದದ್ದು 2013ರ ಸೆಪ್ಟೆಂಬರ್‌ನಲ್ಲಿ. ಸೋನಿ ತನ್ನ ಕೆಲವು ಮಾದರಿಗಳಿಗೆ ಸಾಫ್ಟ್‌ವೇರ್ ಮೂಲಕ ಈ ಸೌಲಭ್ಯ ಕೊಟ್ಟಿತು. ಸ್ಯಾಮ್‌ಸಂಗ್ ಪೋರ್ಟುಗಳಿರುವ ಪ್ರತ್ಯೇಕ ಪೆಟ್ಟಿಗೆಯನ್ನೇ ಬದಲಿಸಿಕೊಳ್ಳುವ ವ್ಯವಸ್ಥೆ ಮಾಡಿತ್ತು. ಆದರೆ ಇದಕ್ಕಿಂತ ದೊಡ್ಡ ಅಡ್ಡಿ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ಬೀಗ. ಪೋರ್ಟಿನಲ್ಲಿ ಅದಿಲ್ಲದಿದ್ದರೆ ಇಂದಿನ ಸ್ಟ್ರೀಮಿಂಗ್ ಸಾಧನಗಳು ಚಲನಚಿತ್ರಗಳನ್ನು 4ಕೆಯಲ್ಲಿ ಹೊರಬಿಡುವುದೇ ಇಲ್ಲ. ನಾನು ಒಯ್ದಿದ್ದ 4ಕೆ ಸ್ಟ್ರೀಮಿಂಗ್ ಸ್ಟಿಕ್ಕನ್ನು ಒಂದಾದ ಮೇಲೊಂದರಂತೆ ಎಲ್ಲ ಪೋರ್ಟುಗಳಿಗೂ ಸಿಕ್ಕಿಸಿದೆ. ಎಲ್ಲದರಲ್ಲೂ 1080ಪಿಗೇ, ಅಂದರೆ ಫುಲ್ ಎಚ್‌ಡಿಗೇ ನಿಂತಿತು. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಪೋರ್ಟುಗಳ ಪಕ್ಕದಲ್ಲಿ ಬರೀ ಎಚ್‌ಡಿಎಂಐ ಎಂದಿತ್ತೇ ಹೊರತು ಎಚ್‌ಡಿಸಿಪಿ 2.2ರ ಸುಳಿವಿರಲಿಲ್ಲ.

ಟಿವಿಯೊಳಗಿನ ಆ್ಯಪ್‌ಗಳನ್ನು ನೆಚ್ಚುವಂತೆಯೂ ಇಲ್ಲ. ಯೂಟ್ಯೂಬ್ ತನ್ನ 4ಕೆ ವಿಡಿಯೊಗಳಿಗೆ ಬಳಸುವ ವಿಪಿ9 ಸಂಕೇತವನ್ನು ಬಿಡಿಸುವ ಚಿಪ್ ಈ ಸೆಟ್ಟಿನಲ್ಲಿಲ್ಲ. ಬೆಳಕು-ನೆರಳು, ಬಣ್ಣಗಳನ್ನು ಇನ್ನಷ್ಟು ಎದ್ದು ಕಾಣಿಸುವ ಎಚ್‌ಡಿಆರ್ ತಂತ್ರವಂತೂ ಇವುಗಳ ನಂತರ ಬಂದದ್ದು. ನಮ್ಮ ಕಡೆಯ ಹಾಲ್‌ಗಳಲ್ಲಿ ಸೋಫಾ ಇರುವುದು ಎಂಟೊಂಬತ್ತು ಅಡಿ ದೂರದಲ್ಲಿ. 55 ಇಂಚಿನ ಪರದೆಯಲ್ಲಿ ಸುಮಾರು ಏಳು ಅಡಿ ದಾಟಿದರೆ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ತಿಳಿಯುವುದಿಲ್ಲ. ಹೊಸ 4ಕೆ ಟಿವಿಗಳು ಆ ದೂರದಿಂದಲೂ ಚೆಂದ ಕಾಣುವುದಕ್ಕೆ ಬಹುಮಟ್ಟಿಗೆ ಎಚ್‌ಡಿಆರ್‌ನ ಬೆಳಕು ಮತ್ತು ಬಣ್ಣಗಳೇ ಕಾರಣ. ಮೇಲಾಗಿ ಪ್ಯಾನೆಲ್ ಕೆಟ್ಟರೆ ಬದಲಿ ಸಿಗುವುದು ದುರ್ಲಭ. ಊರಿನ ಮೆಕ್ಯಾನಿಕ್‌ಗಳು ಬ್ಯಾಕ್‌ಲೈಟ್ ಪಟ್ಟಿಯನ್ನೋ ಪವರ್ ಬೋರ್ಡನ್ನೋ ಸರಿಪಡಿಸಿಯಾರು, ಅಷ್ಟೇ.

ಪಿ.ಜೆ. ಬಡಾವಣೆಯಲ್ಲಿ ಫೋಟೊ ಸ್ಟುಡಿಯೊ ನಡೆಸುವ ಗೆಳೆಯರೊಬ್ಬರಿಗೆ ಮಾತ್ರ ನಾನು ಇದನ್ನೇ ಸೂಚಿಸಿದ್ದೇನೆ. ಆಲ್ಬಂ ಆಯ್ಕೆಗೆ ಬಂದ ಮದುವೆ ಮನೆಯವರಿಗೆ ಚಿತ್ರಗಳನ್ನು ಹತ್ತಿರದಿಂದ ತೋರಿಸುವಾಗ 30 ಫ್ರೇಮ್‌ಗಳ ಮಿತಿಯೂ ನಕಲು ಬೀಗವೂ ಲೆಕ್ಕಕ್ಕೆ ಬರುವುದಿಲ್ಲ. ಸೀರೆಯ ಜರಿಯ ಎಳೆ ಎಳೆಯೂ ಈ ಪರದೆಯಲ್ಲಿ ಕಾಣುತ್ತದೆ. ಅವರಾದರೂ ಹನ್ನೆರಡು ಸಾವಿರಕ್ಕಿಂತ ಮೇಲೆ ಕೊಡಬಾರದು, ಮತ್ತು ಹಣ ಎಣಿಸುವ ಮುನ್ನ ಟಿವಿಯನ್ನು ಎರಡು ಗಂಟೆ ಬಿಡದೆ ಓಡಿಸಿ, ಬಿಸಿಯಾದ ಮೇಲೆ ಪರದೆಯಲ್ಲಿ ಗೆರೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.