ಕಹೂಟ್, ಕ್ವಿಝಿಝ್, ಪ್ಲಿಕರ್ಸ್, ಗೂಗಲ್ ಫಾರ್ಮ್ಸ್: ಯಾವುದು ಯಾವುದಕ್ಕೆ?

ಈ ನಾಲ್ಕೂ ತರಗತಿಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯಲು ಮೇಷ್ಟ್ರು ಬಳಸುವ ಆ್ಯಪ್‌ಗಳು. ಹೋಲಿಸಿ ನೋಡಲು ನಾಲ್ಕಕ್ಕೂ ಒಂದೇ ಪ್ರಶ್ನೆ ಹಾಕೋಣ: 1/2 + 1/3 ಎಷ್ಟು? ಆಯ್ಕೆಗಳು 5/6, 2/5, 2/6, 1/6. ತಪ್ಪು ಉತ್ತರಗಳನ್ನು ಬೇಕೆಂದೇ ಹೀಗೆ ಇಟ್ಟಿದ್ದು. 2/5 ಅಂದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾರೆ. 2/6 ಅಂದವರು ಛೇದ ಸರಿ ಮಾಡಿ ಅಂಶ ಮರೆತಿದ್ದಾರೆ. 1/6 ಅಂದವರು ಕೂಡುವ ಬದಲು ಗುಣಿಸಿದ್ದಾರೆ, ಇಲ್ಲವೇ ಕಳೆದಿದ್ದಾರೆ. ಈ ವ್ಯತ್ಯಾಸ ಮೇಷ್ಟ್ರ ಕಣ್ಣಿಗೆ ಬೀಳಬೇಕು, ಲೆಕ್ಕಕ್ಕೆ ಬರುವುದು ಅದೊಂದೇ.

ಕಹೂಟ್‌ನಲ್ಲಿ ಪ್ರಶ್ನೆ ತರಗತಿಯ ಪರದೆಗೆ ಬರುತ್ತದೆ, ಮಕ್ಕಳೆಲ್ಲ ಒಟ್ಟಿಗೆ ತಮ್ಮ ಸಾಧನದಲ್ಲಿ ಉತ್ತರ ಒತ್ತುತ್ತಾರೆ. ಗದ್ದಲ ಜಾಸ್ತಿ, ಮಕ್ಕಳಿಗೆ ಇಷ್ಟವಾಗುವುದೂ ಅದೇ. ತೊಡಕಿರುವುದು ಅಂಕದಲ್ಲಿ. ಸರಿ ಉತ್ತರಕ್ಕೆ ಗರಿಷ್ಠ 1000, ತಡವಾದಷ್ಟೂ ಕಡಿತ, ಕೊನೇ ಗಳಿಗೆಯಲ್ಲಿ ಒತ್ತಿದರೆ ಸುಮಾರು 500. 20 ಸೆಕೆಂಡಿನ ಪ್ರಶ್ನೆಗೆ 2 ಸೆಕೆಂಡಿನಲ್ಲಿ ಒತ್ತಿದವರಿಗೆ 950, ಲೆಕ್ಕ ಮಾಡಿ 18ನೇ ಸೆಕೆಂಡಿಗೆ ಒತ್ತಿದವರಿಗೆ 550. ಇಬ್ಬರದೂ ಸರಿ! ಸಮಯವನ್ನು 120 ಸೆಕೆಂಡಿಗೆ ಏರಿಸಿದರೆ ಅದೇ ಇಬ್ಬರಿಗೆ 992 ಮತ್ತು 925. ಗಣಿತಕ್ಕೆ ಇಷ್ಟು ಬದಲಾವಣೆಯಾದರೂ ಬೇಕೇ ಬೇಕು. ಪ್ರತಿ ಪ್ರಶ್ನೆ ಮುಗಿದಾಗ ಯಾವ ಆಯ್ಕೆಗೆ ಎಷ್ಟು ಮಂದಿ ಎಂಬ ಪಟ್ಟಿ ಪರದೆಗೆ ಬರುತ್ತದೆ. ಅಲ್ಲೇ ನಿಲ್ಲಿಸಿ 2/5 ಯಾಕೆ ತಪ್ಪೆಂದು ಬಿಡಿಸಿ ಹೇಳಬೇಕು. ಮುಂದೆ ಒತ್ತಿ ಯಾರು ಮೊದಲು ಎಂಬುದು ಕಂಡಿತೋ, ಆಮೇಲೆ ಪಾಠ ಯಾರ ಕಿವಿಗೂ ಬೀಳುವುದಿಲ್ಲ. ಹೆಸರಿನ ಜಾಗದಲ್ಲಿ ಹಾಜರಿ ಸಂಖ್ಯೆ ಹಾಕಿಸಿ, ಇಲ್ಲದಿದ್ದರೆ ವರದಿಯಲ್ಲಿ ಬರೀ ಅಡ್ಡಹೆಸರುಗಳೇ.

ಕ್ವಿಝಿಝ್ (2025ರಿಂದ ಇದರ ಹೆಸರು ವೇಗ್ರೌಂಡ್) ಸದ್ದಿಲ್ಲದ್ದು. ಪ್ರಶ್ನೆ ಮಗುವಿನ ಸಾಧನದಲ್ಲೇ ಬರುತ್ತದೆ, ಅವರವರ ವೇಗ ಅವರವರದು, ಟೈಮರ್ ತೆಗೆದೂ ಬಿಡಬಹುದು. ಪ್ರಶ್ನೆಗಳ ಕ್ರಮ ಕಲಸುವುದರಿಂದ ಪಕ್ಕದವರದು ನೋಡಿ ಒತ್ತುವುದು ಕಷ್ಟ. ಆದರೆ ‘ಹಿಂದಿನ ಪ್ರಶ್ನೆಯ ಉತ್ತರವನ್ನು ಬಳಸಿ’ ಎಂದು ಬರೆದಿದ್ದರೆ ಕೆಟ್ಟಿತು, ಹಿಂದಿನದು ಯಾವುದೋ ಆಗಿರುತ್ತದೆ. ಆಯ್ಕೆಗಳನ್ನೂ ಕಲಸಿದರೆ ‘ಮೇಲಿನ ಎಲ್ಲವೂ’ ಮೊದಲ ಸಾಲಿಗೇ ಬಂದು ಕೂರಬಹುದು. ಮನೆಕೆಲಸವಾಗಿ ಕೊಟ್ಟರೆ ಪ್ರಯತ್ನವನ್ನು 1ಕ್ಕೆ ಮಿತಿಗೊಳಿಸಿ. ಎರಡನೇ ಸಲ ಬರುವ ಅಂಕ ನೆನಪಿನದು, ತಿಳಿವಳಿಕೆಯದಲ್ಲ.

ಮಕ್ಕಳ ಕೈಯಲ್ಲಿ ಸಾಧನವೇ ಇಲ್ಲದ ತರಗತಿಗೆ ಪ್ಲಿಕರ್ಸ್‌ಗೆ ಸಾಟಿಯಿಲ್ಲ. ಮೇಷ್ಟ್ರ ಫೋನ್ ಒಂದಿದ್ದರೆ ಸಾಕು. ಪ್ರಶ್ನೆಯನ್ನು ಕಪ್ಪು ಹಲಗೆಯ ಮೇಲೆ ಬರೆದರೂ ನಡೆಯುತ್ತದೆ. ಪ್ರತಿ ಮಗುವಿಗೆ ಕಪ್ಪು ಚಿತ್ತಾರವಿರುವ ಒಂದು ಸಂಖ್ಯೆಯ ಕಾರ್ಡ್, ನಾಲ್ಕು ಬದಿಗೆ ಎ, ಬಿ, ಸಿ, ಡಿ. ಬೇಕಾದ ಅಕ್ಷರ ಮೇಲೆ ಬರುವಂತೆ ಹಿಡಿದರೆ ಕ್ಯಾಮೆರಾ ಓದಿಕೊಳ್ಳುತ್ತದೆ. ಅಕ್ಷರ ಚಿಕ್ಕದು, ಕಾರ್ಡ್‌ಗಳ ಚಿತ್ತಾರ ಬೇರೆ ಬೇರೆ, ಹಾಗಾಗಿ ನಕಲು ಕಮ್ಮಿ. ಓದದಿದ್ದರೆ ಮೂರು ಕಾರಣ ನೋಡಿ: ಕಪ್ಪು ಭಾಗದ ಮೇಲೆ ಬೆರಳು, ಬಾಗಿದ ಕಾಗದ, ಇಲ್ಲವೇ ಹೊಳೆಯುವ ಲ್ಯಾಮಿನೇಷನ್. ದಪ್ಪ ರಟ್ಟಿಗೆ ಅಂಟಿಸಿದರೆ ಸಾಕು, ಲ್ಯಾಮಿನೇಷನ್ ಬೇಡ. ಇಬ್ಬರು ಕಾರ್ಡ್ ಅದಲುಬದಲು ಮಾಡಿಕೊಂಡರೆ ಅಂಕವೂ ಅದಲುಬದಲು, ಆ್ಯಪ್‌ಗೆ ಅದು ತಿಳಿಯುವುದಿಲ್ಲ.

ಗೂಗಲ್ ಫಾರ್ಮ್ಸ್‌ನಲ್ಲಿ ಆಟವಿಲ್ಲ, ದಾಖಲೆಗೆ ಮಾತ್ರ ಇದೇ ಗಟ್ಟಿ. ಸೆಟ್ಟಿಂಗ್ಸ್‌ಗೆ ಹೋಗಿ ಕ್ವಿಝ್ ಆನ್ ಮಾಡಿ, ಪ್ರತಿ ಪ್ರಶ್ನೆಯ ಕೆಳಗಿನ ಆನ್ಸರ್ ಕೀಯಲ್ಲಿ ಸರಿ ಉತ್ತರದ ಜೊತೆ ಅಂಕವನ್ನೂ ತುಂಬಿ. ಅಂಕ ಮರೆತರೆ ಸರಿ ಉತ್ತರಕ್ಕೂ 0 ಬಂದೀತು. ಬರೆದು ಉತ್ತರಿಸುವ ಪ್ರಶ್ನೆಗಳಲ್ಲಿ ಎಚ್ಚರ: ಕೀಯಲ್ಲಿ 10 ಇದ್ದು ಮಗು ‘೧೦’ ಅಥವಾ ‘ಹತ್ತು’ ಎಂದು ಬರೆದರೆ ತಪ್ಪೆಂದೇ ಎಣಿಕೆ. ಎಲ್ಲ ರೂಪಗಳನ್ನೂ ಕೀಗೆ ಸೇರಿಸಿ, ಇಲ್ಲವೇ ಅಂಕವನ್ನು ನೀವು ನೋಡಿದ ಮೇಲಷ್ಟೇ ಬಿಡುಗಡೆಯಾಗುವಂತೆ ಇಡಿ. ಹೆಚ್ಚಿನವರು ಮುಟ್ಟದ ಒಂದು ಸೌಲಭ್ಯವೂ ಇದರಲ್ಲಿದೆ: ಆಯ್ಕೆಗೆ ತಕ್ಕಂತೆ ಬೇರೆ ವಿಭಾಗಕ್ಕೆ ಕಳಿಸುವುದು. 2/5 ಒತ್ತಿದ ಮಗುವಿಗೆ ಅರ್ಧ ಮತ್ತು ಮೂರನೇ ಒಂದು ಭಾಗದ ಚಿತ್ರವಿರುವ ಪುಟ ತೆರೆದು, ಅಲ್ಲಿಂದ 1/2 + 1/4 ಕೇಳಿಸಬಹುದು.