ಬಿಟ್‌ಎಕ್ಸ್ ಕಟ್ಟೋಕೆ ಯಾವ ಬೋರ್ಡ್? ಮೂರೂ ಮಾಡಿ ನೋಡಿದೆ

ಬಿಟ್‌ಎಕ್ಸ್ ಅಂದರೆ ಮನೆಯಲ್ಲೇ ಕಟ್ಟಬಹುದಾದ, ಮಾತು ಕಳಿಸುವ ಮತ್ತು ಕೇಳುವ ರೇಡಿಯೋ. ಹೈದರಾಬಾದಿನ ಹ್ಯಾಮ್ (ಹವ್ಯಾಸಿ ರೇಡಿಯೋದವ) ಅಶ್ಹರ್ ಫರ್ಹಾನ್ ಅದನ್ನು ರೂಪಿಸಿದ್ದೇ ನಮ್ಮಲ್ಲಿ ಸುಲಭವಾಗಿ ಸಿಗುವ ಸಾಮಾನು ಇಟ್ಟುಕೊಂಡು. ಕಳಿಸುವಾಗಲೂ ಕೇಳುವಾಗಲೂ ಅದೇ ಕ್ರಿಸ್ಟಲ್ ಫಿಲ್ಟರ್ (ಬೇಕಾದ ಸಂಕೇತವನ್ನಷ್ಟೇ ಬಿಡುವ ಜರಡಿ), ಎರಡೂ ದಿಕ್ಕಿಗೆ ಕೆಲಸ ಮಾಡುವ ಆಂಪ್ಲಿಫೈಯರ್‌ಗಳು. ಸ್ಟೇಷನ್ ಹಿಡಿಯೋಕೆ ಆವರ್ತನ ಬದಲಿಸುವ ವಿಎಫ್‌ಓ ಆಸಿಲೇಟರ್‌ನ ಕಾಯಿಲನ್ನು ನಲ್ಲಿಯ ವಾಷರ್ ಮೇಲೆ ಸುತ್ತಿದ ಪುಣ್ಯಾತ್ಮ ಆತ. ನಾನು ಮೊದಲು 14 ಮೆಗಾಹರ್ಟ್ಸ್‌ನ ಬಿಟ್‌ಎಕ್ಸ್20 ಅನ್ನು ಎರಡು ಥರ ಕಟ್ಟಿದೆ, ಆಮೇಲೆ ರೆಡಿ ಬೋರ್ಡ್ ತಂದೆ.

ಮೊದಲನೆಯದು ಮನೆಯಲ್ಲೇ ಮಾಡಿದ ಪಿಸಿಬಿ, ಅಂದರೆ ತಾಮ್ರದ ಗೆರೆಗಳೇ ತಂತಿಯಾಗಿರುವ ಬೋರ್ಡ್. ಸರ್ಕ್ಯೂಟ್ ಚಿತ್ರದ ಲೇಸರ್ ಪ್ರಿಂಟ್ ತೆಗೆದು ಬಟ್ಟೆ ಇಸ್ತ್ರಿಪೆಟ್ಟಿಗೆಯಿಂದ ತಾಮ್ರಕ್ಕೆ ಒತ್ತಿ, ಬೇಡದ ತಾಮ್ರ ಕರಗಲೆಂದು ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದೆ. ಬಚ್ಚಲಿನ ಕಂದು ಕಲೆ ಇನ್ನೂ ಹೋಗಿಲ್ಲ. 0.8 ಮಿಲಿಮೀಟರ್ ಡ್ರಿಲ್ ಬಿಟ್ ಮೂರು ಮುರಿದವು. ಆದರೂ ನೋಡೋಕೆ ಏನು ಚೆಂದ! ಪವರ್ ಕೊಟ್ಟೆ. ಉಸಿರೇ ಇಲ್ಲ. ಎರಡು ರಾತ್ರಿ ಹುಡುಕಿದ ಮೇಲೆ ಗೊತ್ತಾಯಿತು. ಚಿತ್ರ ಬರೆದಿದ್ದು 2ಎನ್3904 ಟ್ರಾನ್ಸಿಸ್ಟರ್‌ಗೆ, ಎಸ್‌.ಪಿ. ರೋಡಿನಿಂದ ನಾನು ತಂದು ಹಾಕಿದ್ದು ಬಿಸಿ547. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ ಒಂದರಲ್ಲಿ ಎಡಗಡೆ ಎಮಿಟರ್, ಇನ್ನೊಂದರಲ್ಲಿ ಕಲೆಕ್ಟರ್. ಎಲ್ಲವನ್ನೂ ಕಿತ್ತು ತಿರುಗಿಸಿ ಹಾಕುವಷ್ಟರಲ್ಲಿ ಬಿಸಿ ತಾಳದೆ ಪ್ಯಾಡ್‌ಗಳು ಎದ್ದು ಬಂದವು.

ಸಿಟ್ಟಲ್ಲಿ ಎರಡನೆಯದನ್ನು 'ಅಗ್ಲಿ' ಪದ್ಧತಿಯಲ್ಲಿ ಕಟ್ಟಿದೆ. ಖಾಲಿ ತಾಮ್ರದ ಬೋರ್ಡೇ ಗ್ರೌಂಡ್. ಗ್ರೌಂಡಿಗೆ ಹೋಗುವ ಕಾಲನ್ನು ನೇರ ತಾಮ್ರಕ್ಕೆ ಸೋಲ್ಡರ್ ಮಾಡಿ, ಉಳಿದವನ್ನು ಗಾಳಿಯಲ್ಲೇ ಒಂದಕ್ಕೊಂದು ಕೂಡಿಸುವುದು. ಆಸರೆ ಬೇಕಾದ ಕಡೆ ಬೋರ್ಡಿನ ಚೂರು ಕತ್ತರಿಸಿ ಫೆವಿಕ್ವಿಕ್‌ನಲ್ಲಿ ಅಂಟಿಸಿದೆ. ಹೆಸರಿಗೆ ತಕ್ಕ ಹಾಗೆ ಜೇಡರ ಬಲೆ. ಆದರೆ ಒಂದೊಂದೇ ಹಂತ ಕಟ್ಟಿ, ಅಲ್ಲೇ ಪರೀಕ್ಷೆ ಮಾಡಬಹುದು. ಮೊದಲು ಎಲ್‌ಎಂ386 ಚಿಪ್‌ನ ಆಡಿಯೋ ಭಾಗ: ಇನ್‌ಪುಟ್‌ಗೆ ಬೆರಳಿಟ್ಟರೆ ಸ್ಪೀಕರ್ ಗುಂಯ್ ಅನ್ನಬೇಕು. ಆಮೇಲೆ ಬಿಎಫ್‌ಓ, ಅಂದರೆ ಬಂದ ಸಂಕೇತವನ್ನು ಮಾತಾಗಿಸೋಕೆ ಬೇಕಾದ ಆಸಿಲೇಟರ್: ಪಕ್ಕದಲ್ಲಿ ಶಾರ್ಟ್‌ವೇವ್ ರೇಡಿಯೋವನ್ನು 10 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ ಅದರ ಸುಳಿವು ಸಿಗುತ್ತದೆ. ತಪ್ಪಾದರೆ ಒಂದು ಕಾಲು ಬಿಡಿಸಿ ಬಗ್ಗಿಸಿದರೆ ಆಯಿತು. ಸಂಜೆ ಸಂಜೆ ಕೂತು ಹತ್ತೇ ದಿನಕ್ಕೆ ಮಾತು ಕೇಳಿಸಿತು.

ಕಷ್ಟ ಇಲ್ಲವೆಂದಲ್ಲ. ಅಷ್ಟಗಲ ತಾಮ್ರ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, 25 ವ್ಯಾಟ್ ಐರನ್ ಸಾಲದೆ ಸೋಲ್ಡರ್ ಉಂಡೆಯಾಗಿ ನಿಲ್ಲುತ್ತದೆ. 60 ವ್ಯಾಟಿನದು ತಂದ ಮೇಲೆ ಸರಿಹೋಯಿತು. ವಿಎಫ್‌ಓ ಆವರ್ತನ ಮಾತ್ರ ಇವತ್ತಿಗೂ ಜಾರುತ್ತದೆ. ಫ್ಯಾನ್ ಹಾಕಿದರೆ ಎದುರಿನವರ ದನಿ ಮೆಲ್ಲಗೆ ಬಾತುಕೋಳಿಯ ಹಾಗಾಗುತ್ತದೆ.

ಮೂರನೆಯದು 2016ರಲ್ಲಿ ಬಂದ 7 ಮೆಗಾಹರ್ಟ್ಸ್‌ನ ಬಿಟ್‌ಎಕ್ಸ್40. ಬೋರ್ಡಿನ ಮೇಲ್ಮೈಗೇ ಸೋಲ್ಡರ್ ಮಾಡುವ ಸಣ್ಣ ಎಸ್‌ಎಂಡಿ ಭಾಗಗಳನ್ನೆಲ್ಲ ಕೂರಿಸಿ ಕೊಡುತ್ತಿದ್ದರು. ವಾಲ್ಯೂಮ್, ಮೈಕ್, ಆಂಟೆನಾ, ಪವರ್ ತಂತಿ ಜೋಡಿಸಿದರೆ ಮುಗಿಯಿತು, ಒಂದು ಭಾನುವಾರದ ಕೆಲಸ. ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಜೊತೆ ಆವರ್ತನ ಹುಟ್ಟಿಸುವ ಎಸ್‌ಐ5351 ಚಿಪ್ ಇರುವುದರಿಂದ ಜಾರುವ ಮಾತೇ ಇಲ್ಲ. ದಿನಾ ಮಾತಾಡೋಕೆ ನಾನು ಹಚ್ಚುವುದು ಇದನ್ನೇ. ಆದರೆ ಕಟ್ಟುವ ಖುಷಿ? ಅದು ಸಿಗಲಿಲ್ಲ. ಕೆಟ್ಟರೆ ಆ ಸಾಸಿವೆ ಕಾಳಿನಂಥ ರೆಸಿಸ್ಟರ್ ನನ್ನ ಕಣ್ಣಿಗೆ ಕಾಣಿಸೋದೂ ಕಷ್ಟ.

ಯಾವುದನ್ನು ಕಟ್ಟಿದರೂ ಆಂಟೆನಾಕ್ಕೆ ಪವರ್ ಕೊಡುವ ಕೊನೆಯ ಟ್ರಾನ್ಸಿಸ್ಟರ್ ಐಆರ್‌ಎಫ್510 ಹತ್ತಿರ ಹುಷಾರು. ಅದರ ಲೋಹದ ಬೆನ್ನು ಡ್ರೈನ್ ಎಂಬ ಕಾಲಿಗೇ ಸೇರಿದ್ದು, ಹೀಟ್‌ಸಿಂಕ್ ನಡುವೆ ಮೈಕಾ ಹಾಳೆ ಇಡದಿದ್ದರೆ ಶಾರ್ಟ್. ಅದರ ಕರೆಂಟ್ ಹೊಂದಿಸುವ ಬಯಾಸ್ ಪ್ರಿಸೆಟ್ ಸೊನ್ನೆಯಲ್ಲಿಟ್ಟೇ ಪವರ್ ಕೊಡಿ. ಆಂಟೆನಾ ಬದಲು ಮೊದಲು ಡಮ್ಮಿ ಲೋಡ್, ಅಂದರೆ ಪವರನ್ನು ಬಿಸಿಯಾಗಿ ನುಂಗಿಕೊಳ್ಳುವ ರೆಸಿಸ್ಟರ್ ಹಾಕಿ. 220 ಓಮ್, 2 ವ್ಯಾಟಿನ ನಾಲ್ಕು ರೆಸಿಸ್ಟರ್ ಪ್ಯಾರಲಲ್ ಕೊಟ್ಟರೆ 55 ಓಮ್, ಸಾಕು. ಹ್ಯಾಮ್ ಲೈಸೆನ್ಸ್ ಇನ್ನೂ ಬಂದಿಲ್ಲವಾದರೆ ರಿಸೀವರ್ ಭಾಗವಷ್ಟೇ ಕಟ್ಟಿ ಕೇಳುತ್ತಿರಿ.

ಹೊಸಬರು ಕೇಳಿದರೆ ನಾನು ತೋರಿಸೋದು ಅಗ್ಲಿಯನ್ನೇ. ಆ ಚೆಂದದ ಪಿಸಿಬಿ ಡ್ರಾಯರ್‌ನಲ್ಲಿದೆ, ಕೆಪಾಸಿಟರ್ ಬೇಕಾದಾಗ ಅದರಿಂದಲೇ ಕೀಳುತ್ತೇನೆ.