ಸಿಂಗಲ್ ಬಿಡುಗಡೆಗೆ ಬ್ಯಾಂಡ್‌ಕ್ಯಾಂಪ್ ಹೇಗಿದೆ?

ಲೇಬಲ್‌ನ (ಸಂಗೀತ ಕಂಪನಿಯ) ಬೆಂಬಲವಿಲ್ಲದೆ ಒಂದೇ ಹಾಡು ಬಿಡುವ ಬ್ಯಾಂಡ್‌ಗೆ, ಕಲಾವಿದರೇ ಕೇಳುಗರಿಗೆ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣ ಇವತ್ತಿಗೂ ಒಳ್ಳೆಯ ಜಾಗ. ಹಾಡು ಹಾಕಲು ಶುಲ್ಕವಿಲ್ಲ, ಡಿಜಿಟಲ್ ಮಾರಾಟದಲ್ಲಿ ಶೇ 15ರಷ್ಟು ಪಾಲು ಹಿಡಿದುಕೊಳ್ಳುತ್ತದೆ. 2020ರಲ್ಲಿ ಶುರುವಾದ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ಸಾಧ್ಯವಾದರೆ ಬಿಡುಗಡೆಯನ್ನು ಅಂಥ ಶುಕ್ರವಾರಕ್ಕೇ ಹೊಂದಿಸಿ. ಹಣ ಪಾವತಿಸುವ ಸೇವೆ ಹಿಡಿಯುವ ಶುಲ್ಕ ಮಾತ್ರ ಬೇರೆ. ಅದರಲ್ಲಿ ಪ್ರತಿ ವಹಿವಾಟಿಗೂ ಒಂದು ನಿಗದಿತ ಮೊತ್ತ ಇರುವುದರಿಂದ, ಹಾಡಿಗೆ ತೀರಾ ಕಡಿಮೆ ಬೆಲೆ ಇಟ್ಟರೆ ಕೈಗೆ ಬರುವುದು ಚಿಲ್ಲರೆಯೇ. ಇದಕ್ಕಿಂತ ಕಡಿಮೆ ಇಲ್ಲ ಎಂಬ ಒಂದು ಬೆಲೆ ಇಟ್ಟು, ಮನಸ್ಸಿದ್ದವರು ಹೆಚ್ಚು ಕೊಡುವ ಆಯ್ಕೆಯನ್ನು ತೆರೆದಿಡುವುದು ಲೇಸು.

ಹೆಚ್ಚಿನವರು ಎಡವುವುದು ಫೈಲ್‌ನಲ್ಲಿ. ಇಲ್ಲಿ ದನಿಯನ್ನು ಪೂರ್ತಿ ಉಳಿಸುವ ವೇವ್, ಎಐಎಫ್ಎಫ್, ಫ್ಲ್ಯಾಕ್ ಫೈಲ್‌ಗಳು ನಡೆಯುತ್ತವೆ, ಗಾತ್ರ ಇಳಿಸಲು ದನಿಯ ಒಂದಷ್ಟು ಭಾಗ ಬಿಡುವ ಎಂಪಿ3 ನಡೆಯದು. ಎಂಪಿ3ಯನ್ನೇ ವೇವ್‌ಗೆ ಬದಲಿಸಿದರೆ ಅಪ್‌ಲೋಡ್ ಏನೋ ಆಗುತ್ತದೆ, ಕಳೆದುಹೋದ ದನಿ ಮರಳುವುದಿಲ್ಲ. ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ದನಿ ಇದೆ ಎಂಬ ಚಿತ್ರ) ತೆರೆದು ನೋಡಿ: ಮೂಲ ಎಂಪಿ3 128 ಕೆಬಿಪಿಎಸ್ ಆಗಿದ್ದರೆ ಸುಮಾರು 16 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಕತ್ತರಿಸಿದ ಹಾಗೆ ಖಾಲಿ, ಸಿಂಬಲ್‌ಗಳ ಹೊಳಪೇ ಇಲ್ಲ. ಮಾಸ್ಟರಿಂಗ್ (ಹಾಡಿಗೆ ಕೊನೆಯ ಹದ) ಮಾಡಿದವರಿಂದ 24 ಬಿಟ್ ಫೈಲನ್ನೇ ಕೇಳಿ ಪಡೆಯಿರಿ. ಟ್ರೂ ಪೀಕ್, ಅಂದರೆ ದನಿಯ ಅತಿ ಎತ್ತರದ ಮಟ್ಟ, -1 ಡಿಬಿ ದಾಟದಿರಲಿ. ಪುಟದಲ್ಲಿ ಸ್ಟ್ರೀಮ್ ಆಗುವುದು ಎಂಪಿ3 ರೂಪ. 0 ಡಿಬಿವರೆಗೆ ಒತ್ತಿದ ಹಾಡು ಆ ಪರಿವರ್ತನೆಯಲ್ಲಿ ಮಿತಿ ಮೀರಿ ಕರಕರ ಎನ್ನುತ್ತದೆ. ಕವರ್ ಚಿತ್ರ ಕನಿಷ್ಠ 1400 x 1400 ಪಿಕ್ಸೆಲ್ ಇರಬೇಕು. 3000 x 3000ರಲ್ಲೇ ಮಾಡಿಸಿಟ್ಟುಕೊಂಡರೆ ಬೇರೆ ಕಡೆಗೂ ಆಗುತ್ತದೆ.

ಈ ಸೇವೆಯಲ್ಲಿ ನಿಜಕ್ಕೂ ಬೆಲೆಬಾಳುವುದು ಅಂಕಿಅಂಶಗಳ ಪುಟ. ಹಾಡಿನ ಶೇ 90ಕ್ಕಿಂತ ಹೆಚ್ಚು ಕೇಳಿದವರು, ಅರ್ಧಕ್ಕೆ ಬಿಟ್ಟವರು, ಶೇ 10 ಮುಗಿಯುವ ಮೊದಲೇ ಹೊರಟವರು ಎಂದು ಮೂರು ಭಾಗ ಮಾಡಿ ತೋರಿಸುತ್ತದೆ. 200 ಸೆಕೆಂಡಿನ ಹಾಡಿನಲ್ಲಿ ಈ ಶೇ 10 ಎಂದರೆ ಮೊದಲ 20 ಸೆಕೆಂಡು. ಅಲ್ಲೇ ಜನ ಜಾರುತ್ತಿದ್ದರೆ ಇಂಟ್ರೊ ಉದ್ದವಾಯಿತೋ, ಹಾಡುವವರ ದನಿ ತಡವಾಗಿ ಬಂತೋ ನೋಡಬೇಕು. ಖರೀದಿಸಿದವರ ಇಮೇಲ್ ವಿಳಾಸವೂ ಬ್ಯಾಂಡ್‌ಗೆ ಸಿಗುತ್ತದೆ. ಮುಂದಿನ ಹಾಡಿನ ಸುದ್ದಿ ಮುಟ್ಟಿಸಲು ಇದಕ್ಕಿಂತ ನೇರ ದಾರಿ ಇಲ್ಲ.

ಕೊರತೆಯೂ ಸಣ್ಣದಲ್ಲ. ಇಲ್ಲಿ ಹಾಕಿದ ಹಾಡು ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ತಾನಾಗಿ ಹೋಗುವುದಿಲ್ಲ, ಅದಕ್ಕೆ ಬೇರೆ ವಿತರಕರು ಬೇಕು. ಅವರಿಗೆ ಮೂರು-ನಾಲ್ಕು ವಾರ ಮುಂಚೆಯೇ ಫೈಲ್ ಕೊಡಿ: ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಸ್ಪಾಟಿಫೈನಲ್ಲಿ ಪಿಚ್ (ಹಾಡನ್ನು ಪ್ಲೇಪಟ್ಟಿಗೆ ಪರಿಗಣಿಸಿ ಎಂಬ ಮನವಿ) ಸಲ್ಲಿಸಿದರೆ ಹಾಡು ಫಾಲೋವರ್‌ಗಳ 'ರಿಲೀಸ್ ರೇಡಾರ್' ಎಂಬ ಹೊಸ ಹಾಡುಗಳ ಪಟ್ಟಿಗೆ ಸೇರುತ್ತದೆ. ವಿತರಕರು ಕೊಟ್ಟ 12 ಅಕ್ಷರಗಳ ಐಎಸ್‌ಆರ್‌ಸಿ ಕೋಡನ್ನೇ (ರೆಕಾರ್ಡಿಂಗ್‌ನ ಗುರುತಿನ ಕೋಡ್) ಬ್ಯಾಂಡ್‌ಕ್ಯಾಂಪ್ ಪುಟದಲ್ಲೂ ತುಂಬಿ. ಒಂದೇ ರೆಕಾರ್ಡಿಂಗ್‌ಗೆ ಎರಡು ಕೋಡ್ ಬಿದ್ದರೆ ಎಷ್ಟು ಬಾರಿ ಕೇಳಿದರು ಎಂಬ ಲೆಕ್ಕ ಹರಿದು ಹಂಚಿಹೋಗುತ್ತದೆ.